ಕಾಣುವ ಹಾಡು

ಹಾಡು ಮೂಲತಃ ಕಿವಿಯ ಸೊತ್ತು. ಅದಕ್ಕೆ ಚಿತ್ರವನ್ನು ಜೋಡಿಸಿದಾಗ ಹಾಡಿಗೇನಾಗುತ್ತದೆ, ಕೇಳುಗನಿಗೇನಾಗುತ್ತದೆ ಎಂಬುದು ಸಂಗೀತ ವಿಡಿಯೋವನ್ನು ಕುರಿತು ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ.

ಈ ಪ್ರಕಾರದ ಮೊದಲ ಉದ್ದೇಶ ವ್ಯಾಪಾರ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂ.ಟಿ.ವಿ. ವಾಹಿನಿ ಆರಂಭವಾದಾಗ ಧ್ವನಿಮುದ್ರಣ ಸಂಸ್ಥೆಗಳು ತಾವು ಮಾಡಿಸಿದ ವಿಡಿಯೋಗಳನ್ನು ಅದಕ್ಕೆ ಒದಗಿಸಿದವು. ವಾಹಿನಿಗೆ ಕಾರ್ಯಕ್ರಮ ದೊರೆಯಿತು, ಸಂಸ್ಥೆಗಳಿಗೆ ಜಾಹೀರಾತು ದೊರೆಯಿತು. ಆದರೆ ಜಾಹೀರಾತು ಕಲಾಕೃತಿಯ ಹಂಬಲ ತಾಳಲು ಬಹುಕಾಲ ಹಿಡಿಯಲಿಲ್ಲ. 1983ರಲ್ಲಿ ಬಂದ ಮೈಕೇಲ್ ಜಾಕ್ಸನ್ನನ 'ಥ್ರಿಲ್ಲರ್' ಸುಮಾರು 14 ನಿಮಿಷಗಳ ಕಥಾಚಿತ್ರವೇ ಆಗಿತ್ತು.

ಭಾರತದ ಸಂದರ್ಭ ಭಿನ್ನವಾದುದು. ಇಲ್ಲಿ 1931ರಲ್ಲಿ ಚಲನಚಿತ್ರ ಮಾತು ಕಲಿತಾಗಲೇ ಹಾಡನ್ನೂ ಕಲಿತಿತು. ದೂರದರ್ಶನದ 'ಚಿತ್ರಹಾರ್', 'ಛಾಯಾಗೀತ್' ಕಾರ್ಯಕ್ರಮಗಳು ಗೀತೆಯನ್ನು ಕಥೆಯಿಂದ ಬಿಡಿಸಿ ತೋರಿಸಿದವು. ಮುಂಬಯಿಯ ಚಾಳುಗಳಲ್ಲಿ ಒಂದೇ ಟಿ.ವಿ.ಯ ಮುಂದೆ ನೆರೆಹೊರೆಯೆಲ್ಲ ಕೂಡಿ ನೋಡುತ್ತಿದ್ದುದುಂಟು. ಅಲ್ಲಿ ತುಟಿಯಾಡಿಸುವವರು ನಟನಟಿಯರು; ಹಾಡಿದವರು ಮರೆಯಲ್ಲಿರುತ್ತಿದ್ದರು. 1995ರಲ್ಲಿ ಅಲೀಶಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ' ಬಂದಾಗ ಗಾಯಕಿಯೇ ನಾಯಕಿಯಾದಳು.

ಏನನ್ನೂ ಮಾರದ ವಿಡಿಯೋವೂ ಉಂಟು. 1988ರಲ್ಲಿ ದೂರದರ್ಶನ ಬಿತ್ತರಿಸಿದ 'ಮಿಲೇ ಸುರ್ ಮೇರಾ ತುಮ್ಹಾರಾ' ಒಂದೇ ಭಾವವನ್ನು 14 ಭಾಷೆಗಳಲ್ಲಿ ನುಡಿಸಿ ರಾಷ್ಟ್ರೀಯ ಭಾವೈಕ್ಯವನ್ನು ಸಾರಿತು. ಅದನ್ನು ಆರಂಭಿಸಿದ ಕಂಠ ಪಂಡಿತ ಭೀಮಸೇನ ಜೋಶಿಯವರದು. ಗದಗಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಅವರು ನಮ್ಮಂತೆಯೇ ಹೊರನಾಡ ಕನ್ನಡಿಗರು. ಅದರಲ್ಲಿ ಕನ್ನಡದ ನುಡಿ ಬರುವುದು ಕೆಲವೇ ಕ್ಷಣ. ಆ ಕ್ಷಣಕ್ಕಾಗಿ ಕಾದು ಕುಳಿತ ಮನೆಗಳಿಗೆ, ದೇಶವೆಲ್ಲ ನೋಡುವ ಪರದೆಯ ಮೇಲೆ ತಮ್ಮ ಭಾಷೆಗೂ ಒಂದು ಮಣೆ ದೊರೆತ ಸಮಾಧಾನವಿತ್ತು.

2005ರಲ್ಲಿ ಯೂಟ್ಯೂಬ್ ಬಂದ ಮೇಲೆ ನೋಡುವ ರೀತಿಯೇ ಬದಲಾಯಿತು. ಕಾಯುವಿಕೆ ಇಲ್ಲವಾಯಿತು, ಸಮೂಹದ ನೋಟ ಕೈಫೋನಿನ ಒಂಟಿ ನೋಟವಾಯಿತು. ಬೇಕಾದ ಹಾಡನ್ನು ಬೇಕಾದಷ್ಟು ಸಲ ನೋಡಬಹುದು. ವಿಡಿಯೋವನ್ನು ಹಚ್ಚಿಟ್ಟು, ನೋಡದೆ ಕೇವಲ ಕೇಳುತ್ತ ಅಡುಗೆ ಮಾಡುವವರೂ ಇದ್ದಾರೆ. 2012ರ ಡಿಸೆಂಬರಿನಲ್ಲಿ ಕೊರಿಯನ್ ಭಾಷೆಯ 'ಗಂಗ್ನಮ್ ಸ್ಟೈಲ್' ಅಲ್ಲಿ ನೂರು ಕೋಟಿ ವೀಕ್ಷಣೆಗಳನ್ನು ಮುಟ್ಟಿದ ಮೊದಲ ವಿಡಿಯೋ ಆಯಿತು. ಭಾಷೆ ತಿಳಿಯದಿದ್ದವರನ್ನೂ ಚಿತ್ರ ಹಾಡಿನೆಡೆಗೆ ಸೆಳೆಯಬಲ್ಲದೆಂಬುದಕ್ಕೆ ಇದು ನಿದರ್ಶನ.

ಇಲ್ಲಿಯೇ ನಮ್ಮ ಲಾಭನಷ್ಟದ ಲೆಕ್ಕವಿದೆ. ಭಾವಗೀತೆಯನ್ನು ಕೇಳುವ ಪ್ರತಿಯೊಬ್ಬನೂ ಮನದಲ್ಲಿ ತನ್ನದೇ ಚಿತ್ರವನ್ನು ಬರೆದುಕೊಳ್ಳುತ್ತಾನೆ. ವಿಡಿಯೋ ಒಂದೇ ಚಿತ್ರವನ್ನು ಮುಂದಿಟ್ಟು ಆ ಸ್ವಾತಂತ್ರ್ಯವನ್ನು ಕುಗ್ಗಿಸುತ್ತದೆ. ಆದರೆ ಕನ್ನಡ ಶಾಲೆಯ ಮೆಟ್ಟಿಲು ತುಳಿಯದ ನಮ್ಮ ಮಕ್ಕಳಿಗೆ 'ಮಲ್ಲಿಗೆ', 'ಹೊಳೆ', 'ತೇರು' ಎಂಬ ಮಾತುಗಳು ಯಾವ ಚಿತ್ರವನ್ನೂ ಮೂಡಿಸದಿದ್ದಾಗ ಅದೇ ವಿಡಿಯೋ ದುಭಾಷಿಯಾಗುತ್ತದೆ. ಆದುದರಿಂದ ಮೊದಲು ಅವರೊಡನೆ ಕುಳಿತು ನೋಡೋಣ. ಬಳಿಕ ಪರದೆಯನ್ನಾರಿಸಿ ಅದೇ ಹಾಡನ್ನು ಮತ್ತೊಮ್ಮೆ ಕೇಳಿಸೋಣ. ಆಗ ಮೂಡುವ ಚಿತ್ರ ಅವರದೇ ಆಗಿರುತ್ತದೆ.