ಹಿತ್ತಲಲ್ಲೊಂದು ಚೆಂಡು, ಮಗಳ ಕೈಯಲ್ಲೊಂದು ಬ್ಯಾಟು

ನಿಮ್ಮ ಮಗಳು ಶಾಲೆಯ ಸಾಫ್ಟ್‌ಬಾಲ್ ತಂಡಕ್ಕೆ ಸೇರಿದ್ದಾಳೆಯೆ? ಹಾಗಿದ್ದರೆ ಒಂದು ಸಂಜೆ ಮೈದಾನದ ಬಳಿ ಹೋಗಿ, ಅವಳ ಕೈಗೆ ಬ್ಯಾಟು ಎಷ್ಟು ಸಲ ಬರುತ್ತದೆ ಎಂದು ಎಣಿಸಿ ನೋಡಿ. ಇಪ್ಪತ್ತು ಹುಡುಗಿಯರು, ಎರಡು ಬ್ಯಾಟು, ಮೂರೋ ನಾಲ್ಕೋ ಚೆಂಡು. ಒಬ್ಬೊಬ್ಬಳಿಗೆ ಐದಾರು ಚೆಂಡು ಸಿಕ್ಕರೆ ಹೆಚ್ಚು. ಅದರಲ್ಲೂ ಎರಡು ನೆಲಕ್ಕೆ ಬಡಿದು ಬರುತ್ತವೆ, ಒಂದು ತಲೆಯ ಮೇಲೆ ಹಾರಿಹೋಗುತ್ತದೆ. ಉಳಿದ ಹೊತ್ತೆಲ್ಲ ಹುಡುಗಿ ದೂರದಲ್ಲಿ ನಿಂತು ಚೆಂಡು ಹೆಕ್ಕುತ್ತಿರುತ್ತಾಳೆ. ಮೇಷ್ಟರನ್ನು ದೂರಿ ಫಲವಿಲ್ಲ, ಅವರಿಗಿರುವುದೂ ಒಂದೇ ಗಂಟೆ.

“ನಂಗೆ ಹೊಡೆಯೋಕೆ ಬರಲ್ಲಮ್ಮ, ಬಿಟ್ಟುಬಿಡ್ತೀನಿ” ಅಂತ ಹುಡುಗಿಯರು ಹೇಳುವುದು ಇಂಥ ಸಮಯದಲ್ಲೇ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಬಿಟ್ಟ ಆಟವನ್ನು ನಮ್ಮ ಕಡೆ ಹೆಣ್ಣುಮಕ್ಕಳು ಮತ್ತೆ ಹಿಡಿಯುವುದು ಅಪರೂಪ. ಅವಳಿಗೆ ಬರುವುದಿಲ್ಲ ಎಂದಲ್ಲ, ಹೊಡೆಯಲು ಚೆಂಡೇ ಸಿಕ್ಕಿಲ್ಲ ಅಷ್ಟೆ. ಆ ಕೊರತೆಯನ್ನು ಮನೆಯ ಹಿತ್ತಲಲ್ಲಿ, ಹೆಚ್ಚು ಖರ್ಚಿಲ್ಲದೆ, ತುಂಬಿಕೊಡಬಹುದು.

ಆಟ ನೋಡಿಲ್ಲದವರಿಗೆ ಎರಡು ಮಾತು. ಸಾಫ್ಟ್‌ಬಾಲ್ ಬೇಸ್‌ಬಾಲಿನ ತಂಗಿ. ಒಂದು ತಂಡದಲ್ಲಿ ಒಂಬತ್ತು ಜನ. ಚೆಂಡನ್ನು ಕೈ ಕೆಳಗಿನಿಂದ ಬೀಸಿ ಎಸೆಯುತ್ತಾರೆ. ಹೊಡೆದವಳು ಬ್ಯಾಟು ಬಿಟ್ಟು 60 ಅಡಿ ದೂರದ ಮೊದಲ ಬೇಸ್‌ಗೆ ಓಡಬೇಕು. 1887ರಲ್ಲಿ ಅಮೆರಿಕದ ಶಿಕಾಗೋದಲ್ಲಿ, ಮುಷ್ಟಿಯುದ್ಧದ ಕೈಚೀಲವೊಂದನ್ನು ಚೆಂಡಿನಂತೆ ಬಿಗಿದು ಕಟ್ಟಿ, ಕೋಲಿನಿಂದ ಬಡಿದು ಈ ಆಟ ಶುರುಮಾಡಿದರಂತೆ. ಅಂದಮೇಲೆ ಮನೆಯಲ್ಲಿ ಮಾಡಿದ ಸಾಮಾನಿನಲ್ಲಿ ಕಲಿಯಲು ಯಾರೂ ನಾಚಬೇಕಾಗಿಲ್ಲ. ಒಲಿಂಪಿಕ್ಸಿನಲ್ಲಿ 1996ರಿಂದ 2008ರವರೆಗೆ ಇದ್ದು, ಆಮೇಲೆ ಕೈಬಿಟ್ಟು, 2021ರಲ್ಲಿ ಟೋಕಿಯೋದಲ್ಲಿ ಮತ್ತೆ ಆಡಿಸಿದರು. ಚಿನ್ನ ಗೆದ್ದವರು ಜಪಾನಿನ ಹೆಂಗಸರು. ಹೆಸರಿನಲ್ಲಿ ‘ಸಾಫ್ಟ್’ ಇದ್ದರೂ ಚೆಂಡು ಮೆತ್ತಗಿಲ್ಲ. ಸುತ್ತಳತೆ 12 ಅಂಗುಲ, ತೂಕ ಸುಮಾರು 180ರಿಂದ 200 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಭಾರ. ಮೈಗೆ ಬಿದ್ದರೆ ಗೊತ್ತಾಗುತ್ತದೆ!

ಒಬ್ಬಳೇ ಅಭ್ಯಾಸ ಮಾಡಲು ಇರುವ ಸಾಧನಗಳಲ್ಲಿ ಮೊದಲನೆಯದು ಬ್ಯಾಟಿಂಗ್ ಟೀ. ಕುಡಿಯುವ ಟೀ ಅಲ್ಲ, ಚೆಂಡನ್ನು ಹೊತ್ತು ನಿಲ್ಲುವ ಕಂಬ. ಅಂಗಡಿಯಲ್ಲಿ ಸಿಗುತ್ತದೆ, ಆದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಖಾಲಿಯಾದ ಬಣ್ಣದ ಡಬ್ಬದಲ್ಲಿ ಪ್ಲಾಸ್ಟಿಕ್ ಪೈಪೊಂದನ್ನು ನೆಟ್ಟಗೆ ನಿಲ್ಲಿಸಿ ಸಿಮೆಂಟು ಗಾರೆ ತುಂಬಿಸಿ. ಪೈಪು ಹುಡುಗಿಯ ಮೊಣಕಾಲಿನಷ್ಟು ಎತ್ತರವಿರಲಿ. ಅದರೊಳಗೆ ಜಾರುವ ಇನ್ನೊಂದು ಸಣ್ಣ ಪೈಪು ತಂದು, ಅಲ್ಲಲ್ಲಿ ತೂತು ಕೊರೆದು ಅಡ್ಡಮೊಳೆ ಸಿಕ್ಕಿಸಿದರೆ ಬೇಕಾದ ಎತ್ತರಕ್ಕೆ ಏರಿಸಿ ಇಳಿಸಬಹುದು. ತುದಿಗೆ ಗಿಡಕ್ಕೆ ನೀರು ಹಾಯಿಸುವ ರಬ್ಬರ್ ಕೊಳವೆಯ ತುಂಡೊಂದನ್ನು ಗೇಣುದ್ದ ಹೊರಗಿರುವಂತೆ ಸಿಕ್ಕಿಸಿ. ಇದನ್ನು ಮಾತ್ರ ಮರೆಯಬೇಡಿ, ರಬ್ಬರಿಲ್ಲದಿದ್ದರೆ ಬ್ಯಾಟು ತಗಲಿದ ಮೊದಲ ದಿನವೇ ಪೈಪು ಚೂರಾಗುತ್ತದೆ.

ಎದುರಿಗೆ ಆರೇಳು ಅಡಿ ದೂರದಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಹಳೆಯ ಜಮಖಾನ ಇಳಿಬಿಡಿ. ಕೆಳಗಡೆ ಕಟ್ಟಬೇಡಿ. ಸಡಿಲವಾಗಿದ್ದರೆ ಚೆಂಡು ಬಡಿದು ಅಲ್ಲೇ ಬೀಳುತ್ತದೆ, ಬಿಗಿಯಾಗಿದ್ದರೆ ತಿರುಗಿ ಮುಖಕ್ಕೆ ಬರುತ್ತದೆ. ಹಳೆಯ ಸೀರೆ ಸಾಲದು, ಎರಡು ದಿನದಲ್ಲಿ ಹರಿಯುತ್ತದೆ. ಪಕ್ಕದ ಮನೆಯ ಹೆಂಚು ಹತ್ತಿರವಿದ್ದರೆ ನಿಜವಾದ ಚೆಂಡಿನ ಆಸೆ ಬಿಟ್ಟು ಟೆನಿಸ್ ಚೆಂಡನ್ನೇ ಇಟ್ಟು ಹೊಡೆಯಲಿ.

ಈಗ ಮುಖ್ಯ ವಿಷಯ. ಕಂಬ ಎಲ್ಲಿಡಬೇಕು? ಎಲ್ಲರೂ ಮಾಡುವುದು ಹೊಟ್ಟೆಯ ನೇರಕ್ಕೆ ಇಡುವುದು. ಅದು ಸರಿಯಲ್ಲ. ಬಲಗೈ ಆಟಗಾರ್ತಿಯ ಎಡಗಾಲು ಎಸೆಯುವವಳ ಕಡೆಗಿರುತ್ತದಲ್ಲ, ಆ ಮುಂಗಾಲಿನ ನೇರಕ್ಕೆ ಚೆಂಡಿರಬೇಕು. ಮೈಗೆ ಹತ್ತಿರ ಬರುವ ಚೆಂಡನ್ನು ಅಭ್ಯಾಸ ಮಾಡುವಾಗ ಕಂಬವನ್ನು ಮೈ ಹತ್ತಿರಕ್ಕೆ ತಂದು ಮುಂಗಾಲಿಗಿಂತ ಸ್ವಲ್ಪ ಮುಂದಿಡಿ. ದೂರದ ಚೆಂಡಿಗಾದರೆ ಆಚೆ ಸರಿಸಿ, ಮುಂಗಾಲಿಗಿಂತ ಸ್ವಲ್ಪ ಹಿಂದಿಡಿ. ಎತ್ತರವನ್ನೂ ದಿನಕ್ಕೊಂದರಂತೆ ಬದಲಿಸಿ. ಆಟದಲ್ಲಿ ಮೊಣಕಾಲಿನಿಂದ ಕಂಕುಳಿನವರೆಗೆ ಎಲ್ಲಿ ಬೇಕಾದರೂ ಚೆಂಡು ಬರಬಹುದು. ಸೊಂಟದೆತ್ತರದ್ದನ್ನೇ ಹೊಡೆದು ಹೊಡೆದು ಬೀಗುವುದರಿಂದ ಪ್ರಯೋಜನವಿಲ್ಲ.

ನೀವು ಆಟ ಬಲ್ಲವರಾಗಬೇಕಿಲ್ಲ, ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಲೇ ತಪ್ಪು ಕಂಡುಹಿಡಿಯಬಹುದು. ಬ್ಯಾಟು ಪದೇ ಪದೇ ಕಂಬಕ್ಕೆ ಬಡಿಯುತ್ತಿದೆಯೆ? ಹಿಂದಿನ ಭುಜ ಕುಸಿಯುತ್ತಿದೆ ಎಂದು ತಿಳಿಯಿರಿ. ಚೆಂಡು ನೆಲಕ್ಕೇ ಉರುಳುತ್ತಿದೆಯೆ? ಅದರ ಮೇಲ್ಭಾಗಕ್ಕೆ ಹೊಡೆಯುತ್ತಿದ್ದಾಳೆ. ಹೊಡೆಯುವ ಮೊದಲೇ ತಲೆಯೆತ್ತಿ ಜಮಖಾನ ನೋಡುತ್ತಿದ್ದರೆ “ಕಣ್ಣು ಚೆಂಡಿನ ಮೇಲೆ” ಅನ್ನಿ, ಸಾಕು. ಸೊಂಟ ಮೊದಲು ತಿರುಗಬೇಕು, ಕೈ ಆಮೇಲೆ ಬರಬೇಕು. ಕೈಬಲದಿಂದಲೇ ಹೊಡೆಯುವವಳು ಬೇಗ ಸುಸ್ತಾಗುತ್ತಾಳೆ. ಅಣ್ಣತಮ್ಮಂದಿರ ಜೊತೆ ಬೀದಿ ಕ್ರಿಕೆಟ್ ಆಡಿದ ಹುಡುಗಿಯಾದರೆ ಬ್ಯಾಟನ್ನು ಮೇಲಿಂದ ಕೆಳಗೆ ನೆಟ್ಟಗೆ ತರುವ ರೂಢಿ ಇರುತ್ತದೆ. ಇಲ್ಲಿ ಬ್ಯಾಟು ಮೈಗೆ ಅಡ್ಡಲಾಗಿ, ಚೆಂಡಿನ ಮಟ್ಟಕ್ಕೆ ಬೀಸಿಬರಬೇಕು. ಈ ಹಳೆಯ ರೂಢಿ ಬಿಡಿಸಲು ಟೀಗಿಂತ ಒಳ್ಳೆಯ ಮೇಷ್ಟರಿಲ್ಲ.

ಎರಡನೆಯದು ನೇತಾಡುವ ಚೆಂಡು. ಹಳೆಯ ಕಾಲುಚೀಲದೊಳಗೆ ಚೆಂಡು ಹಾಕಿ, ಮಾವಿನ ಕೊಂಬೆಗೋ ಅಟ್ಟದ ತೊಲೆಗೋ ನೈಲಾನ್ ದಾರದಲ್ಲಿ ಕಟ್ಟುವುದು ನಿಮಗೆ ಹೊಸದೇನಲ್ಲ, ಕ್ರಿಕೆಟ್ ಹುಚ್ಚಿನ ಗಂಡುಮಕ್ಕಳಿರುವ ಮನೆಗಳಲ್ಲಿ ಕಂಡಿರುತ್ತೀರಿ. ಇಲ್ಲಿ ಚೆಂಡು ಹೆಕ್ಕುವ ಕೆಲಸವಿಲ್ಲ, ಅದೇ ದೊಡ್ಡ ಲಾಭ. ಆದರೆ ದಾರವನ್ನು ವಾರಕ್ಕೊಮ್ಮೆ ಎಳೆದು ನೋಡಿ. ಸವೆದ ದಾರ ಕಿತ್ತರೆ ಚೆಂಡು ಎಲ್ಲಿಗೆ ಹಾರುತ್ತದೆಂದು ಹೇಳಲಾಗದು.

ಮೂರನೆಯದು ಅಂಗಡಿಯ ಸಾಮಾನು. ಕಂಬಕ್ಕೆ ಹುರಿಯಿಂದ ಕಟ್ಟಿದ ಚೆಂಡು, ಹೊಡೆದರೆ ಕಂಬ ಸುತ್ತಿಕೊಂಡು, ಮತ್ತೆ ಬಿಚ್ಚಿಕೊಂಡು ಹುಡುಗಿಯ ಬಳಿಗೇ ಬರುತ್ತದೆ. ಮಕ್ಕಳಿಗೆ ಇದೆಂದರೆ ಪ್ರಾಣ. ಆದರೆ ಸುತ್ತಿ ಬರುವ ಚೆಂಡಿನ ದಾರಿ ಬೇರೆ, ಎಸೆದು ಬರುವ ಚೆಂಡಿನ ದಾರಿ ಬೇರೆ. ಕೊಳ್ಳುವ ದುಡ್ಡಿದ್ದರೆ ಅದರಲ್ಲಿ ಮಗಳ ಅಳತೆಯ ಹಗುರವಾದ ಬ್ಯಾಟು ಕೊಡಿಸಿ ಅಂತಲೇ ನಾನು ಹೇಳುತ್ತೇನೆ. ಬ್ಯಾಟನ್ನು ಒಂದೇ ಕೈಯಲ್ಲಿ ಹಿಡಿದು, ತೋಳು ಪಕ್ಕಕ್ಕೆ ಚಾಚಿ, ಹದಿನೈದು ಎಣಿಸುವವರೆಗೆ ಬ್ಯಾಟು ಬಾಗದಿದ್ದರೆ ಆ ತೂಕ ಅವಳಿಗೆ ಸರಿ.

ಅಭ್ಯಾಸ ಎಷ್ಟು ಹೊತ್ತು? ಹತ್ತು ಹೊಡೆತ, ಸ್ವಲ್ಪ ವಿಶ್ರಾಂತಿ, ಮತ್ತೆ ಹತ್ತು. ಹೀಗೆ ನಲವತ್ತು ಐವತ್ತಾದರೆ ಸಾಕು, ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಶಾಲೆಯಲ್ಲಿ ಇಡೀ ವಾರಕ್ಕೆ ಸಿಗುವುದಕ್ಕಿಂತ ಹೆಚ್ಚೇ ಆಯಿತಲ್ಲ! ಬೇಸರ ಬರುವುದು ಸಹಜ. ಜಮಖಾನದ ಮೇಲೆ ಸೀಮೆಸುಣ್ಣದಲ್ಲಿ ತಟ್ಟೆಯಗಲದ ಗುಂಡು ಬರೆದು, ಹತ್ತರಲ್ಲಿ ಎಷ್ಟು ತಗಲಿತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಆಸ್ಟ್ರೇಲಿಯಾದ ಡಾನ್ ಬ್ರಾಡ್‌ಮನ್ ಹುಡುಗನಾಗಿದ್ದಾಗ ಮನೆಯ ನೀರಿನ ತೊಟ್ಟಿಯ ಕಟ್ಟೆಗೆ ಗಾಲ್ಫ್ ಚೆಂಡೆಸೆದು, ಪುಟಿದು ಬಂದುದನ್ನು ಕ್ರಿಕೆಟ್ ಸ್ಟಂಪಿನಿಂದ ಹೊಡೆಯುತ್ತ ಒಬ್ಬನೇ ಕಲಿತವನು. ಈ ಕಥೆ ಹೇಳಿದರೆ ಮಕ್ಕಳಿಗೆ ಹುರುಪು ಬರುತ್ತದೆ.

ಪ್ರತಿ ಹತ್ತನೆಯ ಹೊಡೆತದ ನಂತರ ಬ್ಯಾಟನ್ನು ಕೆಳಗೆ ಬಿಟ್ಟು ನಾಲ್ಕು ಹೆಜ್ಜೆ ಓಡುವುದೂ ಅಭ್ಯಾಸವಾಗಲಿ. ಬಿಡಬೇಕು, ಎಸೆಯಬಾರದು. ಎಸೆದ ಬ್ಯಾಟು ಹಿಂದಿರುವವರ ಮೊಣಕಾಲು ಮುರಿದೀತು. ಅವಳು ಬೀಸುವಾಗ ಸುತ್ತ ಹತ್ತು ಹನ್ನೆರಡು ಅಡಿ ಯಾರೂ ಸುಳಿಯಬಾರದು. ಪುಟ್ಟ ಮಕ್ಕಳು, ಹಪ್ಪಳ ಒಣಗಿಸಲು ಬರುವ ಅತ್ತೆಯವರು, ಎಲ್ಲರಿಗೂ ಮೊದಲೇ ಹೇಳಿಡಿ. ಅಂಗೈ ಬೆವರಿದರೆ ಒರೆಸಿಕೊಳ್ಳಲು ಒಂದು ಟವೆಲು ಪಕ್ಕದಲ್ಲಿರಲಿ. ಮಣಿಕಟ್ಟೋ ಭುಜವೋ ನೋಯುತ್ತಿದೆ ಅಂದರೆ ಅಂದಿಗೆ ನಿಲ್ಲಿಸಿ. ನೋವು ಉಳಿದರೆ ವೈದ್ಯರಿಗೆ ತೋರಿಸಿ. ಮುಟ್ಟಿನ ದಿನಗಳಲ್ಲಿ ಆಡಬಾರದೆಂಬ ನಿಯಮವೇನೂ ಇಲ್ಲ. ಅವಳಿಗೆ ಹಿತವೆನಿಸಿದರೆ ಆಡಲಿ, ಹೊಟ್ಟೆನೋವಿದ್ದರೆ ಮಲಗಲಿ. ತೀರ್ಮಾನ ಅವಳದಾಗಲಿ, ಓಣಿಯವರದಲ್ಲ. ಆಟ ಮುಗಿದ ಮೇಲೆ ಒಂದು ಲೋಟ ಮಜ್ಜಿಗೆ, ಹೆಸರುಕಾಳಿನ ಉಸಲಿ ಇದ್ದರೆ ಬೇರೆ ಟಾನಿಕ್ಕು ಬೇಡ.

ಈ ಸಾಧನಗಳಿಗೆ ಒಂದು ಮಿತಿಯಿದೆ. ನಿಂತ ಚೆಂಡು ಬೀಸುವುದನ್ನು ಕಲಿಸುತ್ತದೆ, ಕಾಯುವುದನ್ನು ಕಲಿಸುವುದಿಲ್ಲ. ಹೆಂಗಸರ ಪಂದ್ಯದಲ್ಲಿ 43 ಅಡಿ ದೂರದಿಂದ ನುರಿತವಳು ಎಸೆದ ಚೆಂಡು ಅರ್ಧ ಸೆಕೆಂಡಿಗೂ ಮೊದಲೇ ಬಂದುಬಿಡುತ್ತದೆ. ಹೊಡೆಯಬೇಕೋ ಬಿಡಬೇಕೋ ಎಂದು ಅಷ್ಟರಲ್ಲೇ ತೀರ್ಮಾನಿಸಬೇಕು. ಆದ್ದರಿಂದ ಬೀಸು ಕುದುರಿದ ಮೇಲೆ ನೀವೇ ಎಸೆಯುವವರಾಗಿ. ಕಾಲುಚೀಲಗಳನ್ನು ಗಟ್ಟಿಯಾಗಿ ಸುತ್ತಿ ಉಂಡೆ ಮಾಡಿ. ಅವಳ ಎದುರಿಗಲ್ಲ, ಎಂಟು ಹತ್ತು ಅಡಿ ದೂರದಲ್ಲಿ ಓರೆಯಾಗಿ ಪಕ್ಕಕ್ಕೆ ಸ್ಟೂಲು ಹಾಕಿ ಕೂತು, ಉಂಡೆಯನ್ನು ಒಮ್ಮೆ ತೋರಿಸಿ, ಕೈ ಕೆಳಗಿನಿಂದ ಅವಳ ಮುಂಗಾಲಿನ ನೇರಕ್ಕೆ ಮೆಲ್ಲನೆ ಎಸೆಯಿರಿ. ಕೆಲವು ದಿನವಾದ ಮೇಲೆ ಕೆಂಪೊಂದು, ಬಿಳಿಯೊಂದು ಒಟ್ಟಿಗೆ ಎಸೆದು, ಎಸೆದ ಕೂಡಲೆ “ಕೆಂಪು” ಅನ್ನಿ. ಅವಳು ಕೆಂಪನ್ನೇ ಹೊಡೆಯಬೇಕು. ಮಳೆಗಾಲದಲ್ಲಿ ಇದನ್ನು ಪಡಸಾಲೆಯಲ್ಲೂ ಆಡಬಹುದು, ಗೋಡೆಯ ಫೋಟೋಗಳನ್ನು ಇಳಿಸಿಟ್ಟರೆ.