ಕೊಳಲು ಶ್ರುತಿಗೆ ಕೂಡುವ ಬಗೆ

ಕೊಳಲಿನ ಮೇಲೆ ಆರು ರಂಧ್ರಗಳಿವೆ ಎಂದ ಮಾತ್ರಕ್ಕೆ ಸ್ವರಗಳು ಅಲ್ಲಿ ಸಿದ್ಧವಾಗಿ ಕುಳಿತಿವೆ ಎಂದಲ್ಲ. ಹಾರ್ಮೋನಿಯಂನ ಮನೆ ಒತ್ತಿದರೆ ಸ್ವರ ತನ್ನ ಜಾಗದಲ್ಲೇ ನುಡಿಯುತ್ತದೆ. ಕೊಳಲಿನಲ್ಲಿ ಹಾಗಾಗದು. ಬೆರಳುಗಳನ್ನು ಕದಲಿಸದೆ, ಮುಖರಂಧ್ರವನ್ನು ತುಟಿಯತ್ತ ತುಸು ಉರುಳಿಸಿದರೆ ಸ್ವರ ಇಳಿಯುತ್ತದೆ, ಆಚೆಗೆ ಹೊರಳಿಸಿದರೆ ಏರುತ್ತದೆ. ಊದುವ ರಭಸ ಹೆಚ್ಚಿದರೂ ಏರುತ್ತದೆ. ಕೊಳಲು ಮಾಡಿದವನು ಸ್ವರದ ಸ್ಥಾನವನ್ನು ಸ್ಥೂಲವಾಗಿ ಗುರುತಿಸಿ ಕೊಟ್ಟಿರುತ್ತಾನೆ. ಉಳಿದದ್ದನ್ನು ಪ್ರತಿ ಉಸಿರಿಗೂ ನುಡಿಸುವವನೇ ಮಾಡಿಕೊಳ್ಳಬೇಕು.

ಕೊಳಲಿನಲ್ಲಿ ನುಡಿಯುವುದು ಬಿದಿರೂ ಅಲ್ಲ, ಮರವೂ ಅಲ್ಲ; ಒಳಗಿನ ಗಾಳಿ. ತುಟಿಗಳ ನಡುವಿನಿಂದ ತೆಳ್ಳಗೆ ಹೊರಟ ಉಸಿರು ಮುಖರಂಧ್ರದ ಎದುರಂಚಿಗೆ ಬಡಿದು ಒಮ್ಮೆ ಒಳಗೆ, ಒಮ್ಮೆ ಹೊರಗೆ ಓಲಾಡುತ್ತದೆ. ಆ ಓಲಾಟಕ್ಕೆ ಕೊಳವೆಯೊಳಗಿನ ಗಾಳಿ ಕಂಪಿಸುತ್ತದೆ. ಆ ಗಾಳಿಯ ಕಂಬ ಉದ್ದವಾದಷ್ಟೂ ಸ್ವರ ತಗ್ಗು. ಹಿಂದೂಸ್ತಾನಿ ಬಾನ್ಸುರಿಯಲ್ಲಿ ಮೇಲಿನ ಮೂರು ರಂಧ್ರ ಮುಚ್ಚಿದರೆ ಷಡ್ಜ, ಆರೂ ಮುಚ್ಚಿದರೆ ಮಂದ್ರ ಪಂಚಮ. ಷಡ್ಜಕ್ಕೆ ಸೆಕೆಂಡಿಗೆ 330 ಕಂಪನವಿದ್ದರೆ ಮಂದ್ರ ಪಂಚಮಕ್ಕೆ ಸುಮಾರು 247. ಅದಕ್ಕೆ ಬೇಕಾಗುವ ಗಾಳಿಕಂಬದ ಉದ್ದ, 25 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ, ಹೆಚ್ಚುಕಡಿಮೆ 70 ಸೆಂಟಿಮೀಟರ್. ಕಂಪನ ಕೊಳವೆಯ ತುದಿಗಳನ್ನು ದಾಟಿ ತುಸು ಆಚೆಗೂ ಚಾಚಿಕೊಳ್ಳುವುದರಿಂದ ಮುಖರಂಧ್ರದಿಂದ ತುದಿಯವರೆಗಿನ ಬಿದಿರು ಇದಕ್ಕಿಂತ ಸ್ವಲ್ಪ ಗಿಡ್ಡವಾಗಿರುತ್ತದೆ.

ಲೆಕ್ಕದಲ್ಲಿ ಹವೆಯ ಮಾತು ಬಂದದ್ದು ಸುಮ್ಮನೆ ಅಲ್ಲ. ಗಾಳಿ ಬಿಸಿಯಾದರೆ ಶಬ್ದದ ವೇಗ ಹೆಚ್ಚುತ್ತದೆ, ಸ್ವರವೂ ಏರುತ್ತದೆ. ಒಂದು ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಸೆಂಟ್ ಎಂದು ಹೆಸರು. ಪ್ರತಿ ಡಿಗ್ರಿ ಏರಿಕೆಗೆ ಕೊಳಲು ಸುಮಾರು 3 ಸೆಂಟ್ ಮೇಲೇರುತ್ತದೆ. ಕೋಲ್ಕತ್ತದ ದಕ್ಷಿಣ ಭಾಗದಲ್ಲಿರುವ ಜಾದವ್‌ಪುರದಲ್ಲಿ ಜನವರಿಯ ಮುಂಜಾವಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ 20 ಡಿಗ್ರಿಯ ಅಂತರ ಸಾಮಾನ್ಯ. ಆ ಅಂತರ ಕೊಳಲಿನೊಳಗೂ ಪೂರ್ತಿ ಇದ್ದರೆ 60 ಸೆಂಟ್, ಅಂದರೆ ಅರ್ಧಸ್ವರದ ಅರ್ಧಕ್ಕಿಂತ ಹೆಚ್ಚು. ಬಾಯಿಯ ಬೆಚ್ಚನೆಯ ಉಸಿರು ಒಳಗಿನ ಗಾಳಿಯನ್ನು ಕಾಯಿಸುವುದರಿಂದ ನುಡಿಸುವಾಗ ವ್ಯತ್ಯಾಸ ಅಷ್ಟು ಆಗುವುದಿಲ್ಲ. ಆದರೂ ಚಳಿಯಲ್ಲಿ ಚೀಲದಿಂದ ಆಗಷ್ಟೇ ತೆಗೆದ ಕೊಳಲು ಮೊದಲ ಕೆಲವು ನಿಮಿಷ ಇಳಿಶ್ರುತಿಯಲ್ಲೇ ಇರುತ್ತದೆ. ಅದನ್ನು ಬೆಚ್ಚಗೆ ಮಾಡಿಕೊಳ್ಳದೆ ಶ್ರುತಿ ನೋಡುವುದು ವ್ಯರ್ಥ.

ಜಾದವ್‌ಪುರಕ್ಕೂ ಈ ವಿಷಯಕ್ಕೂ ಇನ್ನೊಂದು ನಂಟಿದೆ. 1876ರಲ್ಲಿ ಮಹೇಂದ್ರಲಾಲ್ ಸರ್ಕಾರ್ ಸ್ಥಾಪಿಸಿದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಶನ್ ಆಫ್ ಸೈನ್ಸ್ ಸಂಸ್ಥೆ ಈಗಿರುವುದು ಇಲ್ಲಿಯೇ. ಅದು ಕೋಲ್ಕತ್ತದ ಬೌಬಜಾರ್ ರಸ್ತೆಯಲ್ಲಿದ್ದ ಕಾಲದಲ್ಲಿ, 1907ರಿಂದ, ಸಿ.ವಿ. ರಾಮನ್ ಅಲ್ಲಿ ಪಿಟೀಲು, ವೀಣೆ, ತಂಬೂರಿಗಳ ನಾದವನ್ನು ಅಧ್ಯಯನ ಮಾಡಿದರು. 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ಪ್ರಕಟಿಸಿದ ಬರಹದಲ್ಲಿ ಅವರು ತೋರಿಸಿದ್ದು ಇದು: ಸಾಮಾನ್ಯ ಚರ್ಮವಾದ್ಯದ ಮೇಲ್ಸ್ವರಗಳು ಮೂಲಸ್ವರದೊಂದಿಗೆ ಕೂಡುವುದಿಲ್ಲ, ಆದರೆ ಮೃದಂಗ, ತಬಲಾಗಳಲ್ಲಿ ಮಧ್ಯದ ಕಪ್ಪು ಲೇಪವಾದ ಕರಣೆಯ ಭಾರದಿಂದ ಅವು ಒಂದು, ಎರಡು, ಮೂರು ಎಂಬ ಪೂರ್ಣಾಂಕದ ಅನುಪಾತಕ್ಕೆ ಬರುತ್ತವೆ. ನಮ್ಮ ಕುಶಲಕರ್ಮಿಗಳು ಕಿವಿಯಿಂದಲೇ ಕಂಡುಕೊಂಡಿದ್ದ ಸತ್ಯಕ್ಕೆ ದೊರೆತ ಗೌರವ ಅದು.

ಕೊಳಲಿನಲ್ಲಿ ಈ ಅನುಪಾತ ಬಹುಪಾಲು ತಾನಾಗಿಯೇ ಬರುತ್ತದೆ. ತೊಡಕಿರುವುದು ಆ ‘ಬಹುಪಾಲು’ ಎಂಬ ಮಾತಿನಲ್ಲೇ. ಬೆರಳು ಕದಲಿಸದೆ ಉಸಿರನ್ನು ಚುರುಕಾಗಿಸಿದರೆ ಸ್ವರ ಮೇಲಿನ ಸ್ಥಾಯಿಗೆ ನೆಗೆಯುತ್ತದೆ. ಲೆಕ್ಕದಂತೆ ಅದು ಸರಿಯಾಗಿ ಎರಡರಷ್ಟು ಇರಬೇಕು. ಆದರೆ ಉದ್ದಕ್ಕೂ ಒಂದೇ ಅಗಲದ ಕೊಳವೆಯಲ್ಲಿ ಮೇಲಿನ ಸ್ಥಾಯಿ ತುಸು ಇಳಿಶ್ರುತಿಯಾಗಿ ಬರುತ್ತದೆ. ಯುರೋಪಿನ ಹಳೆಯ ಮರದ ಕೊಳಲುಗಳ ಒಳಗನ್ನು ತುದಿಯ ಕಡೆಗೆ ಕಿರಿದಾಗಿಸುತ್ತಿದ್ದರು. 1847ರಲ್ಲಿ ಕೊಳಲು ತಯಾರಕ ಥಿಯೊಬಾಲ್ಡ್ ಬೋಮ್ ದೇಹವನ್ನು ಒಂದೇ ಅಗಲಕ್ಕೆ ತಂದು ತಲೆಯ ಭಾಗವನ್ನು ಮಾತ್ರ ಕಿರಿದಾಗಿಸಿದ. ಬಿದಿರಿನಲ್ಲಿ ಆ ಸ್ವಾತಂತ್ರ್ಯವಿಲ್ಲ, ಒಳಗಿನ ಆಕಾರ ಗಿಡವೇ ಕೊಟ್ಟದ್ದು. ಆಗ ನೆರವಿಗೆ ಬರುವುದು ಮುಖರಂಧ್ರದ ಪಕ್ಕದಲ್ಲಿ ಕೊಳವೆಯನ್ನು ಮುಚ್ಚುವ ಬಿರಡೆ. ಅದನ್ನು ರಂಧ್ರಕ್ಕೆ ಹತ್ತಿರ ಸರಿಸಿದರೆ ಮೇಲಿನ ಸ್ವರಗಳು ಏರುತ್ತವೆ, ದೂರ ಸರಿಸಿದರೆ ಇಳಿಯುತ್ತವೆ. ಸ್ಥಾಯಿಗಳು ಒಂದಕ್ಕೊಂದು ಹೊಂದದ ಕೊಳಲನ್ನು ಎಸೆಯುವ ಮೊದಲು ಬಿರಡೆಯನ್ನು ಪರೀಕ್ಷಿಸುವುದು ಒಳ್ಳೆಯದು.

ಬಂಗಾಳದಲ್ಲಿ ಅಡ್ಡಹಿಡಿದು ಊದುವ ಬಿದಿರ ಕೊಳಲಿಗೆ ಆಡ್‌ಬಾಂಶಿ ಎನ್ನುತ್ತಾರೆ. ಜನಪದ ಹಾಡಿಗೆ, ನಾಟಕಕ್ಕೆ ಒದಗುತ್ತಿದ್ದ ಈ ವಾದ್ಯವನ್ನು ರಾಗದ ಶ್ರುತಿಸೂಕ್ಷ್ಮಕ್ಕೆ ಸಜ್ಜುಗೊಳಿಸಿದವರು ಪನ್ನಾಲಾಲ್ ಘೋಷ್. 1911ರಲ್ಲಿ ಬಾರಿಸಾಲದಲ್ಲಿ ಹುಟ್ಟಿದ ಅವರು 1930ರ ದಶಕದಲ್ಲಿ ಕೋಲ್ಕತ್ತದ ನ್ಯೂ ಥಿಯೇಟರ್ಸ್ ಚಿತ್ರಸಂಸ್ಥೆಯಲ್ಲಿ ದುಡಿದರು. ಅದರ ಸ್ಟುಡಿಯೊ ಇದ್ದದ್ದು ಜಾದವ್‌ಪುರದಿಂದ ದೂರವಿಲ್ಲದ ಟಾಲಿಗಂಜ್‌ನಲ್ಲಿ. ಗಿಡ್ಡ ಕೊಳಲಿನ ತೀಕ್ಷ್ಣ ದನಿ ಖಯಾಲಿನ ಗಾಂಭೀರ್ಯಕ್ಕೆ ಸಾಲದೆಂದು ಅವರು ಸುಮಾರು 32 ಅಂಗುಲದ ಕೊಳಲನ್ನು ರೂಪಿಸಿದರು. ಆರು ರಂಧ್ರಗಳ ಕೆಳಗೆ ತೀವ್ರ ಮಧ್ಯಮಕ್ಕಾಗಿ ಏಳನೆಯದನ್ನು ಸೇರಿಸಿದ್ದೂ ಅವರ ಹೆಸರಿಗೇ ಸಂದಿದೆ. ಉದ್ದ ಕೊಳಲಿನಲ್ಲಿ ರಂಧ್ರಗಳು ದೊಡ್ಡವು, ಒಂದರಿಂದೊಂದು ದೂರ. ಬೆರಳತುದಿಯಿಂದ ಮುಚ್ಚಲಾಗದು, ಬೆರಳನ್ನು ಚಪ್ಪಟೆಯಾಗಿ ಇಡಬೇಕು. ಶುದ್ಧ ಮಧ್ಯಮವಾಗಲಿ ಕೋಮಲ ಗಾಂಧಾರವಾಗಲಿ ಬರುವುದು ರಂಧ್ರವನ್ನು ಅರೆ ಮುಚ್ಚಿದಾಗ. ‘ಅರೆ’ ಎಂದರೆ ಎಷ್ಟು ಎಂಬುದನ್ನು ಅಳೆದು ಹೇಳಲು ಬಾರದು. ಬೆರಳ ಚರ್ಮಕ್ಕೆ ಅದು ಗೊತ್ತಾಗಬೇಕು, ವರ್ಷಗಳ ಸಾಧನೆಯಿಂದ.

ಘೋಷರ ಶಿಷ್ಯ ಮತ್ತು ಅಳಿಯ ದೇವೇಂದ್ರ ಮುರ್ಡೇಶ್ವರ್, ಅವರ ಶಿಷ್ಯ ನಿತ್ಯಾನಂದ ಹಳದೀಪುರ್ ಈ ಪರಂಪರೆಯನ್ನು ಮುಂದುವರಿಸಿದರು. ಇಬ್ಬರ ಹೆಸರಲ್ಲೂ ಉತ್ತರ ಕನ್ನಡದ ಊರುಗಳಿವೆ. ಕರ್ನಾಟಕ ಸಂಗೀತದ ಕೊಳಲು ಇದಕ್ಕಿಂತ ಗಿಡ್ಡ, ಬೆರಳಿಗೆ ಎಂಟು ರಂಧ್ರ. ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ 1978ರಲ್ಲಿ ಹುಟ್ಟಿದ ಶಶಾಂಕ್ ಸುಬ್ರಹ್ಮಣ್ಯಂ ಆ ಬಗೆಯ ಕೊಳಲಿನಲ್ಲಿ ಹೆಸರಾದವರು. ಕಂಪಿತವೂ ಜಾರುವೂ ತುಂಬಿದ ಆ ಶೈಲಿಯಲ್ಲಿ ಸ್ವರ ಒಂದೆಡೆ ನಿಲ್ಲುವುದೇ ಕಡಿಮೆ, ಆದರೆ ಓಲಾಟದ ಎರಡೂ ಕೊನೆಗಳು ಶ್ರುತಿಗೆ ಕೂಡಲೇಬೇಕು.

ಶ್ರುತಿ ಕೂಡಿತೇ ಎಂದು ತಿಳಿಯುವ ಸಾಧನ ಕಿವಿ. ತಂಬೂರಿಯ ಷಡ್ಜ 330 ಕಂಪನದಲ್ಲಿದ್ದು ಕೊಳಲು 332ರಲ್ಲಿದ್ದರೆ ಎರಡೂ ಸೇರಿ ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುವ ಮಿಡಿತ ಕೇಳುತ್ತದೆ. ಭೌತಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ವಿಸ್ಪಂದ ಎನ್ನುತ್ತಾರೆ. ಸ್ವರ ಹತ್ತಿರವಾದಂತೆ ಮಿಡಿತ ನಿಧಾನವಾಗಿ, ಕೂಡಿದಾಗ ಇಲ್ಲವಾಗುತ್ತದೆ. ದಿನವೂ ಒಂದೊಂದು ಸ್ವರವನ್ನು ಉಸಿರು ಮುಗಿಯುವವರೆಗೆ ಹಿಡಿದು ನಿಲ್ಲಿಸುವ ಸಾಧನೆ ಇದಕ್ಕಾಗಿಯೇ ಇದೆ. ಉಸಿರು ತಗ್ಗುತ್ತ ಬಂದಾಗ ಸ್ವರ ಕುಸಿಯುತ್ತದೆ. ಆಗ ತುಟಿಯ ಸಂದನ್ನು ಕಿರಿದಾಗಿಸಿ ಗಾಳಿಯ ವೇಗವನ್ನು ಉಳಿಸಿಕೊಳ್ಳಬೇಕು. ಜೋರಾಗಿ ನುಡಿಸುವಾಗ ಇದರ ವಿರುದ್ಧ.

ಮೊಬೈಲಿನ ಶ್ರುತಿಮಾಪಕವನ್ನು ಷಡ್ಜಕ್ಕೆ ನಂಬಬಹುದು, ಗಾಂಧಾರಕ್ಕೆ ನಂಬಬಾರದು. ಅದು ಪಿಯಾನೊದ ಸಮಪಾಲಿನ ಲೆಕ್ಕದಲ್ಲಿ ಹಿಂದೂಸ್ತಾನಿ ಪದ್ಧತಿಯ ಶುದ್ಧ ಗಾಂಧಾರವನ್ನು ಷಡ್ಜದಿಂದ 400 ಸೆಂಟ್ ಮೇಲೆ ತೋರಿಸುತ್ತದೆ. ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ, 5:4 ಅನುಪಾತದ್ದು, ಸುಮಾರು 386ರಲ್ಲಿದೆ. ಮಾಪಕದ ಮುಳ್ಳು ನಡುವೆ ನಿಂತಾಗ ಕೊಳಲು ತಂಬೂರಿಗಿಂತ 14 ಸೆಂಟ್ ಮೇಲಿರುತ್ತದೆ. ಕೇಳುವ ಕಿವಿಗೆ ಅದು ಚುಚ್ಚುತ್ತದೆ.

ತಂತಿಯನ್ನು ಬಿಗಿಯಬಹುದು, ಸಡಿಲಿಸಬಹುದು. ಒಂದೇ ತುಂಡಿನ ಬಿದಿರಿಗೆ ಆ ಅನುಕೂಲವಿಲ್ಲ. ಅದಕ್ಕೇ ಕಛೇರಿಯಲ್ಲಿ ಮೊದಲು ಕೊಳಲನ್ನು ಊದಿ ಬೆಚ್ಚಗಾಗಿಸುತ್ತಾರೆ, ಆಮೇಲೆ ತಂಬೂರಿಯನ್ನು ಅದರ ಷಡ್ಜಕ್ಕೆ ಕೂಡಿಸುತ್ತಾರೆ. ವೇದಿಕೆಯ ದೀಪಗಳ ಕಾವಿಗೆ ಕೊಳಲು ಮತ್ತೆ ಏರಿದರೆ, ಎರಡು ರಾಗಗಳ ನಡುವೆ ತಂಬೂರಿಯ ಮಣಿಗಳನ್ನು ಇನ್ನೊಮ್ಮೆ ಸರಿಸಬೇಕಾಗುತ್ತದೆ.