ಎರಡು ಭಾಷೆ, ಒಂದು ಒಪ್ಪಂದ

ಕಂಪ್ಯೂಟರಿನ ಮಿದುಳೆನಿಸಿದ ಪ್ರೊಸೆಸರ್‌ಗೆ ಅರ್ಥವಾಗುವುದು ಸೊನ್ನೆ ಮತ್ತು ಒಂದರ ಸಂಕೇತಗಳು ಮಾತ್ರ. ಈ ಸಂಕೇತಗಳಿಗೆ ಚುಟುಕು ಹೆಸರುಗಳನ್ನಿಟ್ಟು ಬರೆಯುವುದೇ ಅಸೆಂಬ್ಲಿ ಭಾಷೆ. ಇದರಲ್ಲಿ ಯಂತ್ರದ ಮೂಲೆಮೂಲೆಯನ್ನೂ ಮುಟ್ಟಬಹುದು. ಆದರೆ ಒಂದು ಜಾತಿಯ ಪ್ರೊಸೆಸರ್‌ಗೆ ಬರೆದದ್ದು ಇನ್ನೊಂದಕ್ಕೆ ಹೊಂದದು. ಸಿ ಭಾಷೆಯಲ್ಲಿ ಈ ತೊಡಕು ಬಹಳ ಕಡಿಮೆ. ಹಾಗಾದರೆ ಎಲ್ಲವನ್ನೂ ಸಿ ಭಾಷೆಯಲ್ಲೇ ಬರೆಯಬಾರದೇಕೆ?

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಇದಕ್ಕೆ ಉತ್ತರ ಹೇಳುತ್ತದೆ. ಮೊದಲು ಅಸೆಂಬ್ಲಿಯಲ್ಲಿದ್ದ ಈ ಕಾರ್ಯಾಚರಣ ವ್ಯವಸ್ಥೆಯನ್ನು 1973ರಲ್ಲಿ ಸಿ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಅದರ ಜನಕರಲ್ಲೊಬ್ಬರಾದ ಕೆನ್ ಥಾಂಪ್ಸನ್ 1978ರಲ್ಲಿ ಕೊಟ್ಟ ಲೆಕ್ಕದಂತೆ, ವ್ಯವಸ್ಥೆಯ ತಿರುಳಿನಲ್ಲಿ ಸಿ ಭಾಷೆಯ ಸಾಲುಗಳು ಸುಮಾರು 10,000. ಅಸೆಂಬ್ಲಿಯವು ಸುಮಾರು 1,000. ಈ ಸಾವಿರದಲ್ಲಿ ದಕ್ಷತೆಗಾಗಿ ಬರೆದವು 200 ಮಾತ್ರ. ಮಿಕ್ಕ 800, ಸಿ ಭಾಷೆಯಿಂದ ಮಾಡಲಾಗದ ಯಂತ್ರದ ಕೆಲಸಗಳಿಗೆ ಮೀಸಲು.

ಇವೆರಡನ್ನೂ ಬೆಸೆಯುವುದು ಹೇಗೆ? ಎರಡು ಭಾಗಗಳೂ ಮೊದಲು ಬೇರೆಬೇರೆಯಾಗಿ ಯಂತ್ರಸಂಕೇತಕ್ಕೆ ಅನುವಾದಗೊಳ್ಳುತ್ತವೆ. ಬಳಿಕ ಲಿಂಕರ್ ಎಂಬ ತಂತ್ರಾಂಶವು, ಸಿ ಭಾಗ ಕರೆದ ಹೆಸರನ್ನು ಅಸೆಂಬ್ಲಿ ಭಾಗದಲ್ಲಿ ಹುಡುಕಿ, ಅದರ ವಿಳಾಸವನ್ನು ತುಂಬುತ್ತದೆ.

ಹೆಸರು ಕೂಡಿಬಂದರೆ ಸಾಲದು, ಕೊಡುಕೊಳ್ಳುವ ಪದ್ಧತಿಯೂ ಕೂಡಿಬರಬೇಕು. ಪ್ರೊಸೆಸರ್‌ನೊಳಗೆ ಅಂಕಿಗಳನ್ನು ಇರಿಸಿಕೊಳ್ಳುವ ರಿಜಿಸ್ಟರ್ ಎಂಬ ಪುಟ್ಟ ಗೂಡುಗಳಿವೆ. ಇಂಟೆಲ್ ಮಾದರಿಯ 64 ಬಿಟ್ ಯಂತ್ರದಲ್ಲಿ ಲಿನಕ್ಸ್ ಇದ್ದರೆ ಮೊದಲ ಪೂರ್ಣಾಂಕವನ್ನು ಆರ್‌ಡಿಐ ಎಂಬ ಗೂಡಿನಲ್ಲಿ ಕಳುಹಿಸುವುದು ವಾಡಿಕೆ. ವಿಂಡೋಸ್ ಇದ್ದರೆ ಆರ್‌ಸಿಎಕ್ಸ್‌ನಲ್ಲಿ. ಲಿನಕ್ಸ್‌ಗೆಂದು ಬರೆದ ಅಸೆಂಬ್ಲಿಯನ್ನು ತಿದ್ದದೆ ವಿಂಡೋಸ್‌ನ ಸಿ ಜೊತೆ ಜೋಡಿಸಿದರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆಯೇ ಸರಿ.

ಲಿಂಕರ್ ಇದನ್ನು ಕಂಡುಹಿಡಿಯುವುದಿಲ್ಲ. ಅದು ನೋಡುವುದು ಹೆಸರನ್ನಷ್ಟೇ. ಇನ್ನೂ ಒಂದು ಅಪಾಯವಿದೆ. ಆರ್‌ಬಿಎಕ್ಸ್‌ನಂಥ ಕೆಲವು ಗೂಡುಗಳನ್ನು ಬಳಸಿದವರು, ಮೊದಲಿದ್ದ ಅಂಕಿಯನ್ನೇ ಮತ್ತೆ ತುಂಬಿ ಹಿಂದಿರುಗಬೇಕು. ಮರೆತರೆ ಅಸೆಂಬ್ಲಿ ಭಾಗದ ಉತ್ತರ ಸರಿಯಾಗಿಯೇ ಬರಬಹುದು. ಕೆಡುವುದು ಅದನ್ನು ಕರೆದ ಸಿ ಭಾಗದ ಲೆಕ್ಕ. ತಪ್ಪು ಒಂದೆಡೆ, ಶಿಕ್ಷೆ ಇನ್ನೊಂದೆಡೆ!

ಈ ಜೋಡಣೆ ಹಳತಾಗಿಲ್ಲ. ಏವಿ1 ಮಾದರಿಯ ವಿಡಿಯೊಗಳನ್ನು ಬಿಡಿಸಿ ತೋರಿಸಲು 2018ರಲ್ಲಿ ಹೊರಬಂದ 'ಡೇವಿಡ್' ತಂತ್ರಾಂಶದ ವೇಗದ ಗುಟ್ಟು, ಕೈಯಾರೆ ಬರೆದ ಅಸೆಂಬ್ಲಿ. ಅದನ್ನು ಪರೀಕ್ಷಿಸಲು 'ಚೆಕ್‌ಎಎಸ್‌ಎಂ' ಎಂಬ ಸಾಧನವಿದೆ. ಒಂದೇ ಲೆಕ್ಕವನ್ನು ಸಿ ಮತ್ತು ಅಸೆಂಬ್ಲಿ ಎರಡರಲ್ಲೂ ಮಾಡಿಸಿ, ಉತ್ತರಗಳನ್ನು ಅದು ತಾಳೆ ನೋಡುತ್ತದೆ. ಕಾಪಾಡಬೇಕಾದ ಗೂಡುಗಳು ಮೊದಲಿನಂತೆಯೇ ಇವೆಯೇ ಎಂಬುದನ್ನೂ ಗಮನಿಸುತ್ತದೆ. ಉತ್ತರ ಸರಿಯಿದ್ದರಷ್ಟೇ ಸಾಲದು, ಪಡೆದದ್ದನ್ನು ಪಡೆದಂತೆಯೇ ಹಿಂದಿರುಗಿಸಿದಾಗ ಮಾತ್ರ ಜೋಡಣೆ ಪೂರ್ಣ.